‘ದೊಡ್ಡ ಮನುಷ್ಯ’ ಅಂತ ಅರ್ಥ

ಬೈನಾಕ್ಯುಲರಿನ ಚರ್ಮದ ಚೀಲದ ಗುಂಡಿ ಬಿಚ್ಚಿದಾಗ ಮೊದಲು ನುಸಿಗುಳಿಗೆಯ ವಾಸನೆ ಬಂತು. ಅದರ ಹಿಂದೆ, ಸ್ವಲ್ಪ ತಡವಾಗಿ, ಒಣಮಣ್ಣಿನ ವಾಸನೆ. ಹೊಲಿಗೆಯ ಸಂದಿಯಲ್ಲಿ ಕೆಂಪು ಧೂಳು ಇನ್ನೂ ಕೂತಿತ್ತು. ಅಂಕಲ್ ತೀರಿಹೋಗಿ ಮೂರು ತಿಂಗಳಾಗಿತ್ತು. ಆಂಟಿ ಹಿಲ್ಸ್‌ಬರೋ ಮನೆ ಮಾರಿ ಮಗಳ ಹತ್ತಿರ ಹೊರಟಿದ್ದರು, ಗರಾಜ್ ಖಾಲಿ ಮಾಡುವಾಗ ಸಿಕ್ಕಿದ ಇದನ್ನು ನನಗೆಂದು ಎತ್ತಿಟ್ಟಿದ್ದರು. "ನೀನೂ ಬಂದಿದ್ಯಲ್ಲಪ್ಪ ಆಫ್ರಿಕಾಗೆ. ಅವರ ನೆನಪಿಗೆ ಇಟ್ಕೋ" ಅಂದರು. ನಾನು ಇಲ್ಲ ಅನ್ನಲಿಲ್ಲ. ಅಂಕಲ್ ವಿಷಯದಲ್ಲಿ ಇಲ್ಲ ಅನ್ನುವುದು ನನಗೆ ಯಾವತ್ತೂ ಬಂದಿಲ್ಲ.

ಅಂಕಲ್ ಅಂದರೆ ಬಂಧುವಲ್ಲ. ನ್ಯೂಜೆರ್ಸಿಯಲ್ಲಿ ನಮಗಿಂತ ಹದಿನೈದು ವರ್ಷ ಮೊದಲು ಬಂದವರೆಲ್ಲ ಅಂಕಲ್‌ಗಳೇ. ಇವರು ಅದರ ಮೇಲೆ ನನ್ನ ಎಂಪ್ಲಾಯರ್ ಕೂಡ. ಮೆಟುಚೆನ್ ಸ್ಟೇಷನ್ ಹತ್ತಿರ ಒಂದು ಡ್ರೈಕ್ಲೀನಿಂಗ್ ಅಂಗಡಿಯ ಮೇಲೆ ಎರಡು ರೂಮು, ಅದೇ ಕಂಪನಿ. ಅಲ್ಲಿಂದ ನಮ್ಮಂಥ ಇಪ್ಪತ್ತು ಜನರನ್ನು ಮ್ಯಾನ್‌ಹ್ಯಾಟನ್ನಿನ ಬ್ಯಾಂಕುಗಳಿಗೆ ಕಳಿಸುತ್ತಿದ್ದರು. ಎರಡು ಸಾವಿರದ ಇಸವಿ ಬಂದರೆ ಕಂಪ್ಯೂಟರುಗಳೆಲ್ಲ ಕೆಟ್ಟು ನಿಲ್ಲುತ್ತವೆ ಎಂದು ಜಗತ್ತು ಹೆದರಿದ್ದ ಕಾಲ ಅದು. ನಾವು ಹಳೇ ಪ್ರೋಗ್ರಾಮುಗಳಲ್ಲಿ ಎರಡಂಕಿಯ ಇಸವಿ ಹುಡುಕಿ ನಾಲ್ಕಂಕಿ ಮಾಡುತ್ತಿದ್ದೆವು. ನನ್ನ ಗ್ರೀನ್ ಕಾರ್ಡಿನ ಫೈಲು ಅವರ ಮೇಜಿನ ಎಡಗಡೆಯ ಡ್ರಾಯರಿನಲ್ಲಿತ್ತು. ಅವರು ಸಹಿ ಮಾಡಿದರೆ ಮುಂದಕ್ಕೆ, ಇಲ್ಲವಾದರೆ ಅಲ್ಲೇ. ಏಳು ತಿಂಗಳಿನಿಂದ ಅಲ್ಲೇ ಇತ್ತು. ಕೇಳಿದಾಗಲೆಲ್ಲ "ನೋಡೋಣಯ್ಯ, ಅರ್ಜೆಂಟ್ ಏನಿದೆ" ಅನ್ನುತ್ತಿದ್ದರು. ವೀಸಾದ ಆರು ವರ್ಷದಲ್ಲಿ ನನ್ನದು ನಾಲ್ಕು ಮುಗಿದಿತ್ತು. ಅರ್ಜೆಂಟ್ ಏನಿದೆ ಅಂತ ಅವರಿಗೂ ಗೊತ್ತಿತ್ತು.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವನು ನಾನೇ ಮೊದಲು. ಸಹಿ ಹಾಕಿದವನೂ ನಾನೇ ಮೊದಲು. ನಮ್ಮಪ್ಪ ಗದಗಿನ ಮಾರ್ಕೆಟ್ ಯಾರ್ಡಿನಲ್ಲಿ ಹಮಾಲಿ, ಹೆಬ್ಬೆಟ್ಟಿನವನು. ಹೆಸರು ಕರಿಯಪ್ಪ. ದಲಾಲಿ ಅಂಗಡಿಯ ಹುಡುಗರು, ಇನ್ನೂ ಮೀಸೆ ಬಾರದವರು, ಅದರಲ್ಲಿ ಅಪ್ಪ ಅನ್ನುವುದನ್ನು ಕತ್ತರಿಸಿ ಬಿಸಾಡಿ "ಏ ಕರಿಯಾ" ಅಂತ ಕರೆಯುತ್ತಿದ್ದರು. ಅವನು ಚೀಲ ಹೊತ್ತುಕೊಂಡೇ ಓಗೊಡುತ್ತಿದ್ದ. ನಾನು ರಾತ್ರಿ ಕಾಲೇಜಿನಲ್ಲಿ ಓದಿ, ಹಗಲು ಟೈಪಿಂಗ್ ಮಾಡಿ, ಕೊನೆಗೆ ಕಂಪ್ಯೂಟರ್ ಕಲಿತು ಇಲ್ಲಿಗೆ ಬಂದದ್ದು ಆ ಕೂಗು ಕೇಳಿಸದಷ್ಟು ದೂರ ಹೋಗಬೇಕು ಅಂತಲೇ.

ಆಫ್ರಿಕಾಕ್ಕೆ ಹೊರಟದ್ದು ಅಂಕಲ್, ಆಂಟಿ, ಫೋರ್ಟ್ ಲೀಯ ಒಬ್ಬ ಡಾಕ್ಟರು ಮತ್ತು ಅವರ ಹೆಂಡತಿ. ಇನ್ನೊಂದು ಜೋಡಿ ಕೊನೆಗೆ ಕೈಕೊಟ್ಟಿತು. ಒಂದು ಶುಕ್ರವಾರ ಅಂಕಲ್ ನನ್ನನ್ನು ಕರೆದು, "ಹೆಂಡ್ತೀನ ಕರ್ಕೊಂಡು ನೀನೂ ಬಾರಯ್ಯ. ಟ್ರೈಪಾಡ್ ಹಿಡಿಯೋಕೆ ಒಬ್ರು ಬೇಕು. ಗದಗದಲ್ಲಿ ಸಿಂಹ ಎಲ್ಲಿ ನೋಡಿರ್ತೀಯ" ಅಂದರು. ಬಂದ ಮೇಲೆ ನಿನ್ನ ಪೇಪರ್ ನೋಡೋಣ ಅಂತಲೂ ಸೇರಿಸಿದರು. ಹೋದೆವು.

ಸಫಾರಿಯ ಬಗ್ಗೆ ಜನ ಕಣ್ಣರಳಿಸಿ ಮಾತಾಡುತ್ತಾರೆ. ನಾನು ಕಂಡದ್ದು ಹೇಳುತ್ತೇನೆ. ಒಂದು ಸಿಂಹಿಣಿ ಗಿಡದ ನೆರಳಿನಲ್ಲಿ ಮಲಗಿ ಆಕಳಿಸಿದರೆ ಅದರ ಸುತ್ತ ಹದಿನೈದು ಜೀಪು. ಜೀಪಿನ ಮೇಲ್ಛಾವಣಿಯಿಂದ ಹೊಸ ಟೋಪಿ ಹಾಕಿಕೊಂಡ ತಲೆಗಳು. ಪ್ರತಿ ತಲೆಗೂ ತಾನೇ ಈಗ ಕಾಡು ಕಂಡುಹಿಡಿದೆ ಅನ್ನುವ ಮುಖ. ಸಿಂಹಿಣಿ ನಮ್ಮನ್ನು ನೋಡಿದ ರೀತಿಯಲ್ಲಿ ತಿರಸ್ಕಾರ ಕೂಡ ಇರಲಿಲ್ಲ, ಅದಕ್ಕೂ ನಾವು ಯೋಗ್ಯರಾಗಿರಲಿಲ್ಲ.

ಅಂಕಲ್ ಒಂದು ಹಾಳೆ ಪ್ರಿಂಟ್ ಮಾಡಿ ತಂದಿದ್ದರು. ಸಿಂಹ, ಚಿರತೆ, ಆನೆ, ಕಾಡೆಮ್ಮೆ, ಘೇಂಡಾಮೃಗ. ಎದುರಿಗೆ ಚೌಕ. ನಾವು ಬ್ಯಾಂಕಿನಲ್ಲಿ ಟೆಸ್ಟಿಂಗ್ ಶೀಟಿಗೆ ಟಿಕ್ ಹಾಕುತ್ತಿದ್ದೆವಲ್ಲ, ಹಾಗೆ. ಒಮ್ಮೆ ಟಿಕ್ ಬಿದ್ದ ಪ್ರಾಣಿಯ ಕಡೆ ಅವರು ಮತ್ತೆ ತಿರುಗಿ ನೋಡುತ್ತಿರಲಿಲ್ಲ. ಮರಿಯನ್ನು ಕಾಲಸಂದಿಯಲ್ಲಿ ಇಟ್ಟುಕೊಂಡು ಆನೆಗಳು ದಾರಿ ದಾಟುತ್ತಿದ್ದರೆ "ಆನೆ ಆಯ್ತಲ್ಲ, ನಡಿ" ಅನ್ನುತ್ತಿದ್ದರು. ಅವರೇ ಆಮೇಲೆ ಹಿಲ್ಸ್‌ಬರೋ ಮನೆಯ ಬೇಸ್ಮೆಂಟಿನಲ್ಲಿ ಸ್ಲೈಡ್ ತೋರಿಸುತ್ತ, ಪ್ರಕೃತಿಯ ಮುಂದೆ ಮನುಷ್ಯ ಎಷ್ಟು ಸಣ್ಣವನು ಅಂತ ಪ್ರವಚನ ಕೊಡುತ್ತಿದ್ದರು. ಮೂರು ಚಳಿಗಾಲ ಕೊಟ್ಟರು. ಪ್ರೊಜೆಕ್ಟರಿನ ಪಕ್ಕ ಕೂತು ಸ್ಲೈಡ್ ಬದಲಿಸುತ್ತಿದ್ದವನು ನಾನು.

ನಮ್ಮ ಜೀಪಿಗೆ ಒಬ್ಬ ಗೈಡು, ಅವನೇ ಡ್ರೈವರು. ನನ್ನದೇ ವಯಸ್ಸು. ಮೊದಲ ದಿನ ಬೆಳಿಗ್ಗೆ ಎಲ್ಲರ ಎದುರು ನಿಂತು ತನ್ನ ಹೆಸರು ಹೇಳಿದ. ಹೊಸಬರಿಗೆ ಕಷ್ಟ ಅಂತ ಅಕ್ಷರ ಬಿಡಿಸಿ ಇನ್ನೊಮ್ಮೆ ಹೇಳಿದ. ನಾನು ಆಗ ಲೆನ್ಸಿನ ಮುಚ್ಚಳ ಹುಡುಕುತ್ತಿದ್ದೆ...

ಜೀಪು ಹೊರಟು ಹತ್ತು ನಿಮಿಷಕ್ಕೆ ಶುರುವಾಯಿತು. "ಈ ಕರಿಯಂಗೆ ಸ್ವಲ್ಪ ಸ್ಲೋ ಆಗಿ ಡ್ರೈವ್ ಮಾಡೋಕೆ ಹೇಳು." "ಕರಿಯ ಎಲ್ಲಿಗೆ ತಿರುಗಿಸ್ತಿದಾನೆ, ಕೇಳು." ಕನ್ನಡ ಇಲ್ಲಿ ಯಾರಿಗೆ ಬರುತ್ತೆ ಅನ್ನುವ ಧೈರ್ಯ. ಇದು ಆಫ್ರಿಕಾದಲ್ಲಿ ಹುಟ್ಟಿದ ಧೈರ್ಯವಲ್ಲ. ಮೆಟುಚೆನ್‌ನಿಂದ ನ್ಯೂಯಾರ್ಕಿಗೆ ಹೋಗುವ ಟ್ರೇನಿನಲ್ಲಿ, ಮಾಲಿನ ಕ್ಯೂಗಳಲ್ಲಿ, ಎದುರು ಕೂತವರ ಬಣ್ಣ, ಬಟ್ಟೆ, ಹೊಟ್ಟೆಯನ್ನೆಲ್ಲ ನಮ್ಮವರು ನಗುಮುಖ ಇಟ್ಟುಕೊಂಡು ಕನ್ನಡದಲ್ಲಿ ಅಳೆಯುತ್ತಾರೆ. ಮಾತೃಭಾಷೆಯನ್ನು ನಾವು ಹೊರದೇಶದಲ್ಲಿ ಅತಿ ಹೆಚ್ಚು ಬಳಸುವುದು ಇದಕ್ಕೇ. ಡಾಕ್ಟರೂ ಅವರ ಹೆಂಡತಿಯೂ ಆ ಮಾತನ್ನು ಸಲೀಸಾಗಿ ಎತ್ತಿಕೊಂಡರು. ಸಂಜೆಯ ಹೊತ್ತಿಗೆ ಅದು ಜೀಪಿನಲ್ಲಿ ಅವನ ಹೆಸರೇ ಆಗಿಹೋಯಿತು. ನನ್ನ ಹೆಂಡತಿ ನನ್ನ ಮುಖ ನೋಡಿದಳು. ನಾನು ಟ್ರೈಪಾಡ್ ಹಿಡಿದುಕೊಂಡಿದ್ದೆ.

ಎರಡನೆಯ ದಿನ ಅವನು ಕನ್ನಡಿಯಲ್ಲಿ ನೋಡುತ್ತ ಕೇಳಿದ: "ಸರ್, ನೀವು ಕರಿಯ ಕರಿಯ ಅನ್ನುತ್ತಿರುತ್ತೀರಿ. ಹಾಗಂದರೆ ಏನು?"

ಅಂಕಲ್ ಎರಡು ಸೆಕೆಂಡು ತಡೆದು, ಇಂಗ್ಲಿಷಿನಲ್ಲಿ, ಬಹಳ ಗಂಭೀರವಾಗಿ, "ಅದು ನಮ್ಮ ಭಾಷೆಯಲ್ಲಿ ಗೌರವದ ಮಾತು. ದೊಡ್ಡ ಮನುಷ್ಯ ಅಂತ ಅರ್ಥ" ಅಂದರು. ಡಾಕ್ಟರ ಹೆಂಡತಿ ಸೆರಗು ಬಾಯಿಗಿಟ್ಟುಕೊಂಡರು. ಅಂಕಲ್ ನಮ್ಮ ಕಡೆ ಕಣ್ಣು ಹೊಡೆದರು.

ಗೈಡು ತಲೆಯಾಡಿಸಿ ಸ್ವಲ್ಪ ದೂರ ಓಡಿಸಿದ. ಆಮೇಲೆ ಗಾಡಿ ನಿಲ್ಲಿಸಿ, ಹಿಂದೆ ತಿರುಗಿ, ನೇರ ಅಂಕಲ್ ಮುಖ ನೋಡಿ ಹೇಳಿದ: "ನಿಮ್ಮ ಎಡಕ್ಕೆ ಕಾಡೆಮ್ಮೆ ಇದೆ, ಕರಿಯ."

ಅಲ್ಲಿಂದ ಮೂರು ದಿನ ಅಂಕಲ್ ಕರಿಯ. "ಗುಡ್ ಮಾರ್ನಿಂಗ್, ಕರಿಯ." "ನೀರು ಕುಡಿಯುತ್ತೀರಾ, ಕರಿಯ." ರೇಡಿಯೋದಲ್ಲಿ ಬೇರೆ ಗೈಡುಗಳಿಗೂ ಹೇಳಿದ. ಲಾಡ್ಜಿನ ಬಾಗಿಲಲ್ಲಿ ಒದ್ದೆ ಟವೆಲ್ ಕೊಡುವವರು ಸಾಲಾಗಿ ನಿಂತು, ಎದೆಯ ಮೇಲೆ ಕೈಯಿಟ್ಟು, "ವೆಲ್‌ಕಮ್, ಕರಿಯ" ಅಂದರು. ಅಂಕಲ್ಲಿಗೆ ಬೇಡ ಅನ್ನಲು ಬಾಯಿಲ್ಲ. ಬೇಡ ಅಂದರೆ ಯಾಕೆ ಬೇಡ ಅಂತ ಹೇಳಬೇಕು. ಡಾಕ್ಟರು ದಿಗಂತ ನೋಡುತ್ತ ನಗು ನುಂಗಿ ಭುಜ ಕುಣಿಸುತ್ತಿದ್ದರು. ಆಂಟಿ ಕೂಡ ಒಮ್ಮೆ ಅವಲಕ್ಕಿ ಡಬ್ಬಿ ಮುಂದೆ ಹಿಡಿದು, "ತಗೊಳ್ರೀ, ದೊಡ್ಡ ಮನುಷ್ಯರೇ" ಅಂದುಬಿಟ್ಟರು. ಅವತ್ತು ಅಂಕಲ್ ಊಟ ಮಾಡಲಿಲ್ಲ. ನನಗೆ ಅಷ್ಟು ಸಂತೋಷ ಅಮೆರಿಕಾದಲ್ಲಿ ಎಂದೂ ಆಗಿರಲಿಲ್ಲ, ಆದರೆ ಮುಖದಲ್ಲಿ ತೋರಿಸಲಿಲ್ಲ. ಆ ಕಲೆಯಲ್ಲಿ ನಾನೂ ಡಿಗ್ರಿ ಪಡೆದವನೇ.

ನಾಲ್ಕನೆಯ ದಿನ ಟೈರು ಪಂಕ್ಚರ್ ಆಯಿತು. ನಾನು ಇಳಿದು ಜಾಕ್ ಹಿಡಿದೆ. "ಬಿಡಯ್ಯ, ಇಂಜಿನಿಯರ್ ನೀನು, ಅವನು ಮಾಡ್ತಾನೆ" ಅಂತ ಮೇಲಿಂದ ಅಂಕಲ್ ದನಿ ಬಂತು. ನಾನು ಕೇಳದವನಂತೆ ಬೋಲ್ಟು ತಿರುಗಿಸಿದೆ. ಗೈಡು ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತು, ಮೆಲ್ಲಗೆ, ತನ್ನ ತಾಯಿ ನೈರೋಬಿಯಲ್ಲಿ ಗುಜರಾತಿ ಅಂಗಡಿಯವರ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು ಎಂದು ಹೇಳಿದ. ಅವರ ಭಾಷೆಯಲ್ಲೂ ಹೆಚ್ಚುಕಮ್ಮಿ ಅದೇ ಮಾತಂತೆ. ಶಾಲೆಯ ಮುಖ ನೋಡುವ ಮೊದಲೇ ಅವನಿಗೆ ಅದು ಗೊತ್ತಿತ್ತು.

ಹಾಗಾದರೆ ಅಂಕಲ್ಲನ್ನು ಯಾಕೆ ಹಾಗೆ ಕರೀತಿ ಅಂತ ಕೇಳಿದೆ.

"ದೊಡ್ಡ ಮನುಷ್ಯ ಅಂತ ಅವರೇ ಹೇಳಿದರಲ್ಲ. ಅತಿಥಿ ಹೇಳಿದ್ದನ್ನು ನಂಬುವುದು ನನ್ನ ಕೆಲಸ."

ನನಗೆ ಏನಾಯಿತೋ, "ಅದು ನಮ್ಮಪ್ಪನ ಹೆಸರು" ಅಂದುಬಿಟ್ಟೆ. ಆ ಮಾತನ್ನು ನ್ಯೂಜೆರ್ಸಿಯಲ್ಲಿ ಯಾರಿಗೂ ಹೇಳಿರಲಿಲ್ಲ. ಫಾರ್ಮುಗಳಲ್ಲಿ ಕೂಡ ಬರೀ ಕೆ. ಅಂತ ಬರೆದು ಮುಂದೆ ಹೋಗುತ್ತಿದ್ದೆ. ಅವನು ಸ್ಪ್ಯಾನರ್ ಕೆಳಗಿಟ್ಟು ನನ್ನನ್ನು ನೋಡಿದ. ನಾನು ತಮಾಷೆ ಮಾಡುತ್ತಿಲ್ಲ ಅಂತ ಖಾತ್ರಿ ಮಾಡಿಕೊಂಡು, "ಹಾಗಾದರೆ ಒಬ್ಬರಾದರೂ ನಿಜವಾದ ದೊಡ್ಡ ಮನುಷ್ಯರು ಇದ್ದಾರೆ. ನನ್ನ ನಮಸ್ಕಾರ ತಿಳಿಸಿ" ಅಂದ.

ಕೊನೆಯ ದಿನ ಬೆಳಿಗ್ಗೆ ಅವನು ಒಂದು ಅಭಿಪ್ರಾಯದ ಫಾರ್ಮು ತಂದ. ಜೀಪಿಗೆ ಒಂದು. ಬಿಳಿ ಹಾಳೆ ಕಂಪನಿಗೆ, ಕೆಳಗಿನ ಹಳದಿ ಪ್ರತಿ ನಮಗೆ. ಅಂಕಲ್ ಇನ್ನೂ ಬಂದಿರಲಿಲ್ಲ. ಅವನು ಫಾರ್ಮನ್ನು ನನ್ನ ಕೈಗೇ ಕೊಟ್ಟು, ಈ ಸೀಸನ್ನಿನಲ್ಲಿ ತನ್ನ ಮೇಲೆ ಈಗಾಗಲೇ ಒಂದು ದೂರು ಇದೆ, ಎರಡಾದರೆ ಗಾಡಿ ಕಿತ್ತುಕೊಳ್ಳುತ್ತಾರೆ ಅಂತ ಹೇಳಿದ. ಬೇಡಿಕೊಳ್ಳುವ ದನಿ ಅಲ್ಲ. ಗೊತ್ತಿರಲಿ ಅಂತ ಹೇಳಿದ ಹಾಗೆ ಹೇಳಿದ. ನಾನು ನೋಡಿಕೊಳ್ಳುತ್ತೇನೆ ಅಂದೆ. ಹಾಗಂತ ಅಂದೆ, ಬಾಯಿಬಿಟ್ಟು.

ಅಂಕಲ್ ಬಂದು ಕೂತು, ಟೋಸ್ಟ್ ಸರಿಸಿ, ದಪ್ಪಕ್ಷರದಲ್ಲಿ ಬರೆದರು. ಚಿರತೆ ತೋರಿಸಲಿಲ್ಲ. ಅತಿಥಿಗಳೊಂದಿಗೆ ಉದ್ಧಟತನ. ಅನುಚಿತ ತಮಾಷೆ. ಆಮೇಲೆ ಪೆನ್ನು ನಿಂತಿತು. ಗೈಡಿನ ಹೆಸರು ಅಂತ ಒಂದು ಗೆರೆ ಇತ್ತು.

"ಅವನ ಹೆಸರೇನೋ?" ಅಂತ ಕೇಳಿದರು.

ಡಾಕ್ಟರು ಹೆಂಡತಿಯ ಮುಖ ನೋಡಿದರು. ಆಂಟಿ ಚಹಾದ ಲೋಟ ನೋಡಿದರು. ಐದು ದಿನ ನಮ್ಮ ಆರು ಜೀವಗಳನ್ನು ಹೊತ್ತುಕೊಂಡು ತಿರುಗಿದವನ ಹೆಸರು ಆ ಮೇಜಿನಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ನನಗೂ. ಅಂಕಲ್ ಆ ಗೆರೆ ಬಿಟ್ಟು ಜೀಪಿನ ನಂಬರು ಬರೆದು, ಸಹಿ ಹಾಕಿ, ಸುತ್ತ ಕಳಿಸಿದರು. ನನ್ನ ಹೆಂಡತಿ, "ನನ್ ಚಷ್ಮಾ ರೂಮಿನ್ಯಾಗ ಐತಿ" ಅಂತ ಎದ್ದು ಹೋದಳು. ಅವಳಿಗೆ ಆಗ ಚಷ್ಮಾವೇ ಇರಲಿಲ್ಲ.

ಫಾರ್ಮು ನನ್ನ ಮುಂದೆ ಬಂತು. ಅಂಕಲ್ ನನ್ನ ಹೆಗಲ ಮೇಲೆ ಕೈಯಿಟ್ಟು ಹೇಳಿದರು: "ಸೈನ್ ಮಾಡಯ್ಯ. ಹೋದ ತಕ್ಷಣ ನಿನ್ನ ಫೈಲಿಗೂ ನಾನು ಸೈನ್ ಮಾಡಬೇಕು, ಜ್ಞಾಪಿಸು."

ಮಾಡಿದೆ.

ಅವರೂ ಮಾತಿಗೆ ತಪ್ಪಲಿಲ್ಲ. ಸೋಮವಾರ ಡ್ರಾಯರ್ ತೆಗೆದು ಸಹಿ ಹಾಕಿದರು. ನನ್ನ ಕಾರ್ಡು ಬಂತು, ಮನೆ ಬಂತು, ಮಕ್ಕಳು ಇಲ್ಲಿಯವರಾದರು. ಎರಡು ವರ್ಷದ ಮೇಲೆ ಡಾಕ್ಟರು ಅದೇ ಕಂಪನಿಯ ಜೊತೆ ಮತ್ತೆ ಹೋಗಿಬಂದರು. ಚಿರತೆ ಸಿಕ್ಕಿತಂತೆ. "ನಮ್ಮ ಆ ಕರಿಯ ಇರಲಿಲ್ಲ ಕಣಯ್ಯ, ಬೇರೆ ಯಾರೋ ಇದ್ದ" ಅಂದರು. ಯಾಕೆ ಇರಲಿಲ್ಲ ಅಂತ ಅವರು ವಿಚಾರಿಸಿರಲಿಲ್ಲ. ನಾನೂ ಕೇಳಲಿಲ್ಲ.

ಅಂಕಲ್ ತೀರಿಹೋದಾಗ ಫ್ಯೂನರಲ್ ಹೋಮಿನಲ್ಲಿ ಹನ್ನೊಂದು ಜನ ಎದ್ದು ಅವರ ದೊಡ್ಡತನ ಹೇಳಿದರು. ದೊಡ್ಡ ಮನುಷ್ಯರು ಅನ್ನುವ ಮಾತು ಬಂದಾಗಲೆಲ್ಲ ನನ್ನ ಹೆಂಡತಿ ನನ್ನ ಮೊಣಕೈ ಹಿಡಿದುಕೊಂಡಳು. ಸತ್ತವರ ಬಗ್ಗೆ ಒಳ್ಳೆಯದೇ ಹೇಳಬೇಕಂತೆ. ನನಗೆ ಹೇಳಲು ಇರುವುದು ಇಷ್ಟೇ: ಅವರು ನನ್ನನ್ನು ಸರಿಯಾಗಿ ಅಳೆದಿದ್ದರು. ಈ ಮನುಷ್ಯನ ಬಗ್ಗೆ ಇಪ್ಪತ್ತು ವರ್ಷ ಅಸಹ್ಯಪಟ್ಟುಕೊಂಡೆ. ಈಗ ಅವರೂ ಇಲ್ಲ, ಅಸಹ್ಯವನ್ನು ಹಾಕಲು ಬೇರೆ ಜಾಗ ಉಳಿದಿಲ್ಲ. ಅದು ನನ್ನ ಹತ್ತಿರವೇ ಇದೆ.

ನಮ್ಮಪ್ಪ ಅವರಿಗಿಂತ ಮೊದಲೇ ಹೋದ. ಆ ನಮಸ್ಕಾರವನ್ನು ಅವನಿಗೆ ತಲುಪಿಸಲಿಲ್ಲ. ಯಾರು ಕಳಿಸಿದರು ಅಂತ ಕೇಳುತ್ತಿದ್ದ. ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು...

ಚೀಲದ ತಳದಲ್ಲಿ ಮಡಿಸಿಟ್ಟ ಹಳದಿ ಕಾಗದವಿತ್ತು. ಅಂಕಲ್ ಎಲ್ಲದರ ಪ್ರತಿಯನ್ನೂ ಇಟ್ಟುಕೊಳ್ಳುವವರು. ಅವರ ಅಕ್ಷರ ಮಾಸಿದೆ. ಕೆಳಗೆ ಐದು ಸಹಿ. ನಾಲ್ಕು ಗೀಚಿದಂತಿವೆ. ಐದನೆಯದು ಅಚ್ಚುಕಟ್ಟಾಗಿದೆ, ಪಾಟಿಯ ಮೇಲೆ, ಹಳೇ ಪೇಪರಿನ ಅಂಚಿನ ಮೇಲೆ ನೂರು ಸಲ ಬರೆದು ಕಲಿತದ್ದು, ನಮ್ಮ ಮನೆತನದ ಮೊದಲ ಸಹಿ. ಮೇಲೆ ಗೈಡಿನ ಹೆಸರಿನ ಗೆರೆ ಖಾಲಿಯಿದೆ. ನಿನ್ನೆ ಅಡುಗೆಮನೆಯ ಮೇಜಿನ ಮೇಲೆ ಅದನ್ನು ಹರಡಿಕೊಂಡು, ಪೆನ್ನು ಹಿಡಿದು, ಬಹಳ ಹೊತ್ತು ನೆನಪು ಮಾಡಿಕೊಂಡೆ. ಎರಡು ಸಲ ಹೇಳಿದ್ದ, ಅಕ್ಷರ ಬಿಡಿಸಿ ಹೇಳಿದ್ದ. ಬರಲಿಲ್ಲ. ಆ ಗೆರೆಯ ಮೇಲೆ ಬರೆಯಲು ನನ್ನ ಹತ್ತಿರ ಇದ್ದದ್ದು ಒಂದೇ ಹೆಸರು, ನಮ್ಮಪ್ಪನದು.