ತುಳುವಿನಲ್ಲಿ ಹೇಳದೆ ಬಿಟ್ಟ ಸಾಲು

ಕಳೆದ ಶುಕ್ರವಾರ ಕಾರ್ಕಳ ಪೇಟೆಯಿಂದ ತರಕಾರಿ ಚೀಲ ಹಿಡಿದು ಕುಕ್ಕುಂದೂರಿನ ಮನೆಗೆ ಬಂದಾಗ ಬಾಗಿಲ ದಾರಂದದ ಮೇಲೆ ಒಂದು ಚೀಟಿ ಅಂಟಿಕೊಂಡಿತ್ತು. ಬೆಂಕಿಪೊಟ್ಟಣದಷ್ಟು ದೊಡ್ಡದು, ಬಿಳಿ, ಅದರ ಮೇಲೆ ಕಪ್ಪು ಅಂಕಿ. ಯಾವುದೋ ಆರೋಗ್ಯ ಸಮೀಕ್ಷೆಯವರು ಬಂದು, ನಮ್ಮ ಮನೆಗೆ ಬೀಗ ನೋಡಿ, ಅಂಟಿಸಿ ಹೋಗಿದ್ದರು. ಭಾನುವಾರ ಮತ್ತೆ ಬರುತ್ತಾರೆಂದು ಪಕ್ಕದ ಮನೆಯ ಅಮ್ಮ ಕಂಪೌಂಡಿನ ಮೇಲಿನಿಂದ ಹೇಳಿದರು. ಅವರಿಗೆ ಸಕ್ಕರೆ ಕಾಯಿಲೆ. ಮುಖದಲ್ಲಿ ಖುಷಿಯೋ ಖುಷಿ. ಇನ್ನು ತಿಂಗಳು ತಿಂಗಳು ರಿಕ್ಷಾ ಹಿಡಿದು ಆಸ್ಪತ್ರೆಗೆ ಹೋಗುವ ರಗಳೆ ತಪ್ಪಿತು, ರಕ್ತ ನೋಡಲಿಕ್ಕೆ ಮನೆಗೇ ಬರುತ್ತಾರಂತೆ, ಎಂದರು.

ನನ್ನ ಚೀಲದಲ್ಲಿ ಎರಡು ಮಟ್ಟುಗುಳ್ಳ ಇದ್ದವು. ಆ ಬದನೆಗೂ ಒಂದು ಪುಟ್ಟ ಚೀಟಿ ಅಂಟಿಸಿರುತ್ತಾರೆ, ಅಸಲಿ ಗುಳ್ಳ ಹೌದೋ ಅಲ್ಲವೋ, ಯಾರ ಗದ್ದೆಯಲ್ಲಿ ಬೆಳೆದದ್ದು ಎಂದು ತಿಳಿಯಲಿಕ್ಕೆ. ಬೀಗ ತೆಗೆಯದೆ ಮೆಟ್ಟಿಲ ಮೇಲೆ ಕುಳಿತುಬಿಟ್ಟೆ. ಗುಳ್ಳದಕ್ಕ ನೆನಪಾದರು. ನೆನಪಾದರು ಎಂದರೆ ನಡುವೆ ಮರೆತಿದ್ದೆ ಎಂದಾಗುತ್ತದೆ. ಮರೆಯುವಷ್ಟು ಪುಣ್ಯ ನಾನು ಮಾಡಿಲ್ಲ.

ಅವರ ಹೆಸರು ಬರೆಯುವುದಿಲ್ಲ. ಊರು ಮಟ್ಟುವಿನ ಕಡೆಯದು ಎಂದರೆ ಸಾಕು. ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು, ನಡುವೆ ಮರಳು ಮಣ್ಣಿನ ಗದ್ದೆಗಳು. ನನಗಾಗ ಇಪ್ಪತ್ತಮೂರು. ಡಿಗ್ರಿ ಮುಗಿಸಿ, ದೂರದ ಊರಿನ ಒಂದು ಸಂಸ್ಥೆ ನಮ್ಮ ಕಡಲ ದಡದ ಹಳ್ಳಿಗಳಲ್ಲಿ ನಡೆಸುತ್ತಿದ್ದ ಅಧ್ಯಯನಕ್ಕೆ ಸೇರಿಕೊಂಡಿದ್ದೆ. ರಕ್ತದೊತ್ತಡದ ಅಧ್ಯಯನ. ಆರು ತಿಂಗಳಿಗೊಮ್ಮೆ ಅದೇ ಮನೆಗೆ ಹೋಗಿ, ಅದೇ ಮನುಷ್ಯರ ತೋಳಿಗೆ ಪಟ್ಟಿ ಸುತ್ತಿ ಒತ್ತಡ ಅಳೆಯುವುದು, ಬೆರಳು ಚುಚ್ಚಿ ರಕ್ತ ತೆಗೆಯುವುದು, ನೂರಾರು ಪ್ರಶ್ನೆ ಕೇಳುವುದು ನನ್ನ ಕೆಲಸ. ಕೊರಳಲ್ಲಿ ಗುರುತಿನ ಪಟ್ಟಿ, ಹೆಗಲಲ್ಲಿ ಚೀಲ. ಊರಿನವರು ನನ್ನನ್ನು ಡಾಕ್ಟರಮ್ಮ ಎನ್ನುತ್ತಿದ್ದರು. ಅಲ್ಲ ಎಂದು ಮೊದಲ ವಾರ ಹೇಳಿದೆ, ಆಮೇಲೆ ಹೇಳುವುದು ಬಿಟ್ಟೆ. ಕೇಳಲಿಕ್ಕೆ ಚೆನ್ನಾಗಿತ್ತಲ್ಲ!

ಮೊದಲ ದಿನ ಹೋದಾಗ ಅಕ್ಕ ಗುಳ್ಳದ ಸಾಲಿಗೆ ಕೊಡದಲ್ಲಿ ನೀರು ಹೊಯ್ಯುತ್ತಿದ್ದರು. ಐವತ್ತರ ಆಸುಪಾಸು, ಎತ್ತರದ ಆಳು, ತೊಟ್ಟಿನ ಮುಳ್ಳು ತಾಗಿ ತಾಗಿ ಬೆರಳುಗಳ ತುಂಬ ಗೀರು. ಬಿಸಿಲಲ್ಲಿ ಬಂದ ನನಗೆ ಮೊದಲು ಬೆಲ್ಲ, ನೀರು ಬಂತು, ಮಾತು ಆಮೇಲೆ. ಅಂದಿನಿಂದ ಅವರು ನನಗೆ ಅಕ್ಕ, ನಾನು ಅವರಿಗೆ ಮಗ; ನಮ್ಮ ಕಡೆ ಹೆಣ್ಣುಮಕ್ಕಳನ್ನೂ ಪ್ರೀತಿಯಿಂದ ಹಾಗೇ ಕರೆಯುತ್ತಾರೆ. ನಮ್ಮ ಮಾತೆಲ್ಲ ತುಳುವಿನಲ್ಲೇ ಆದದ್ದು. ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಪ್ರಶ್ನೆ ಕೇಳುವ ಮೊದಲು ಒಪ್ಪಿಗೆ ಪತ್ರ ಓದಬೇಕಿತ್ತು. ಅಚ್ಚಾದ ಎರಡು ಪುಟ ಕನ್ನಡ. ಅಕ್ಕನಿಗೆ ಕನ್ನಡ ಬಾರದ್ದೇನಲ್ಲ, ನಾಲ್ಕನೆಯ ತರಗತಿಯ ತನಕ ಓದಿದ್ದರು. ಆದರೆ ನಮ್ಮಲ್ಲಿ ಕನ್ನಡ ಶಾಲೆಯ ಭಾಷೆ, ಕಚೇರಿಯ ಭಾಷೆ, ಮೈಕಿನ ಭಾಷೆ. ಅದರಲ್ಲಿ ಹೇಳಿದ್ದಕ್ಕೆ ಜನ ತಲೆಯಾಡಿಸುತ್ತಾರೆ. ತುಳುವಿನಲ್ಲಿ ಹೇಳಿದ್ದು ಮಾತ್ರ ಮನಸ್ಸಿಗೆ ತಾಗುತ್ತದೆ. ನಾನು ಪತ್ರವನ್ನೆಲ್ಲ ತುಳುವಿನಲ್ಲೇ ಬಿಡಿಸಿ ಹೇಳಿದೆ. ಎಷ್ಟು ರಕ್ತ ತೆಗೆಯುತ್ತೇವೆ, ನೋವಾಗುತ್ತದೋ ಇಲ್ಲವೋ, ಹೆಸರು ಹೊರಗೆ ಹೋಗುವುದಿಲ್ಲ, ಬೇಡ ಅನಿಸಿದ ದಿನ ಬಿಡಬಹುದು, ಎಲ್ಲ. ಒಂದು ಸಾಲು ಬಂದಾಗ ಮಾತ್ರ ಕನ್ನಡಕ್ಕೆ ಹೊರಳಿ, ಅಚ್ಚಿನಲ್ಲಿದ್ದಂತೆ ಸರಸರನೆ ಓದಿ ಮುಂದೆ ಹೋದೆ. ‘ಸದರಿ ಅಧ್ಯಯನದಲ್ಲಿ ಭಾಗವಹಿಸುವುದರಿಂದ ತಮಗೆ ಯಾವುದೇ ನೇರ ಪ್ರಯೋಜನವಿರುವುದಿಲ್ಲ.’

ಯಾಕೆ ಹಾಗೆ ಮಾಡಿದೆ? ಅದನ್ನು ತುಳುವಿನಲ್ಲಿ ಹೇಳಿದರೆ ಯಾರು ಸಹಿ ಹಾಕುತ್ತಾರೆ? ದಿನಕ್ಕೆ ಇಷ್ಟು ಮನೆ ಮುಗಿಸಬೇಕು ಎಂದಿತ್ತು. ಜೊತೆಯ ಹುಡುಗಿಯರೂ ಹೀಗೇ ಮಾಡುತ್ತಿದ್ದರು. ಯಾರೂ ನಮಗೆ ಹೇಳಿಕೊಟ್ಟದ್ದಲ್ಲ, ಯಾರೂ ಬೇಡವೆಂದದ್ದೂ ಇಲ್ಲ. ಅಕ್ಕ ತಲೆಯಾಡಿಸಿದರು, ದೊಡ್ಡ ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದರು. ನಾನು ದಾರಂದಕ್ಕೆ ಚೀಟಿ ಅಂಟಿಸಿದೆ.

ಪ್ರಶ್ನೆಗಳಂತೂ... ದಿನಕ್ಕೆ ಎಷ್ಟು ಚಮಚ ಉಪ್ಪು ತಿನ್ನುತ್ತೀರಿ, ಹಣ್ಣು ಎಷ್ಟು ಹೋಳು ತಿನ್ನುತ್ತೀರಿ. ಬಿಡುವಿನ ಹೊತ್ತಿನಲ್ಲಿ ವ್ಯಾಯಾಮ ಮಾಡುತ್ತೀರಾ ಎಂದು ಕೇಳಿದಾಗ ಅಕ್ಕ ಅಂಗಳದಲ್ಲಿದ್ದ ಕೊಡ ನೋಡಿದರು, ನನ್ನನ್ನು ನೋಡಿದರು, ಸೊಂಟ ಹಿಡಿದುಕೊಂಡು ನಕ್ಕರು. ನಾನು ‘ಇಲ್ಲ’ ಎಂದು ಗುರುತು ಹಾಕಿದೆ. ಒತ್ತಡ ಮೂರು ಸಲ ನೋಡಬೇಕು, ನಡುವೆ ಮಾತಾಡಬಾರದು ಎಂದು ನಿಯಮ. ಅಕ್ಕ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೈ ಚಾಚಿ, ಕಣ್ಣು ಮುಚ್ಚಿ, ದೇವರ ಎದುರು ಕುಳಿತವರ ಹಾಗೆ ಕುಳಿತಿದ್ದರು. ಅಂಕಿ ತುಸು ಮೇಲಿತ್ತು. ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದರೆ ಹೌದು ಎಂದರು. ಬಸ್ಸು ಹಿಡಿದು, ಇಳಿದು, ಮತ್ತೆ ನಡೆದು, ತಿಂಗಳಿಗೊಮ್ಮೆ ಆರೋಗ್ಯ ಕೇಂದ್ರದಿಂದ ತರುತ್ತಿದ್ದರಂತೆ. ಒಂದು ದಿನದ ಕೆಲಸ ಕೆಡುತ್ತದೆ, ಆದರೂ ತಪ್ಪಿಸುವುದಿಲ್ಲ ಎಂದರು.

ಎರಡನೆಯ ಸಲ ಹೋದಾಗ ಅಕ್ಕ ಗದ್ದೆಯಲ್ಲಿರಲಿಲ್ಲ. ತಲೆ ಬಾಚಿ, ಮಲ್ಲಿಗೆ ಮುಡಿದು, ಮದುವೆ ಮನೆಗೆ ಉಡುವ ಸೀರೆ ಉಟ್ಟು ಜಗಲಿಯಲ್ಲಿ ಕಾಯುತ್ತಿದ್ದರು. ಖಾಲಿ ಹೊಟ್ಟೆಯಲ್ಲಿರಬೇಕು ಎಂದು ಹಿಂದಿನ ದಿನ ಫೋನಿನಲ್ಲಿ ಹೇಳಿದ್ದೆ. ಅವರು ನೀರನ್ನೂ ಮುಟ್ಟಿರಲಿಲ್ಲ. ಪಟ್ಟಿ ಸುತ್ತಿದೆ. ಅಂಕಿ ನೂರ ಎಂಬತ್ತು ದಾಟಿತು. ಮತ್ತೆ ನೋಡಿದೆ, ಮತ್ತೂ ನೋಡಿದೆ, ಇಳಿಯಲಿಲ್ಲ. ಮಾತ್ರೆ ತೆಗೆದುಕೊಳ್ಳುತ್ತೀರಲ್ಲ ಅಕ್ಕ, ಎಂದೆ.

“ಅದನ್ನು ಬಿಟ್ಟೆ ಮಗಾ. ನೀನು ಬಂದು ನೋಡ್ತೀಯಲ್ಲ, ಮತ್ತೆ ಅಲ್ಲಿಗೆ ಯಾಕೆ ಹೋಗುದು?”

ನನ್ನ ಕೈಯಲ್ಲಿದ್ದ ಫಾರ್ಮು ಅದಕ್ಕೂ ತಯಾರಾಗಿತ್ತು. ಔಷಧಿ ನಿಲ್ಲಿಸಿದ ಕಾರಣ: ದೂರ, ಖರ್ಚು, ಮರೆವು, ಗುಣವಾಗಿದೆ ಎಂಬ ಭಾವನೆ, ಇತರೆ. ‘ನಮ್ಮನ್ನು ನಂಬಿ’ ಎಂಬ ಕಾರಣ ಅದರಲ್ಲಿ ಇರಲಿಲ್ಲ. ಇತರೆ ಎಂದು ಗುರುತು ಹಾಕಿ, ಪಕ್ಕದ ಗೆರೆಯನ್ನು ಖಾಲಿ ಬಿಟ್ಟೆ.

ಅಂಗಳಕ್ಕೆ ಬಂದು ಮೇಲ್ವಿಚಾರಕರಿಗೆ ಫೋನ್ ಮಾಡಿದೆ. ಅವರು ಕೂಗಾಡುವ ಜನವಲ್ಲ, ಬಹಳ ಮೆತ್ತಗೆ ಮಾತಾಡುವವರು. ನಮ್ಮದು ಅಧ್ಯಯನ, ಚಿಕಿತ್ಸೆಯಲ್ಲ ಎಂದರು. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ ಎಂದು ಒಂದು ಚೀಟಿ ಬರೆದುಕೊಟ್ಟರೆ ನಮ್ಮ ಜವಾಬ್ದಾರಿ ಮುಗಿಯಿತು ಎಂದರು. ಕೊನೆಗೆ, ಆ ಮನೆಯವರು ಅಧ್ಯಯನ ಬಿಟ್ಟುಹೋಗದ ಹಾಗೆ ನೋಡಿಕೊಳ್ಳಮ್ಮ ಎಂದೂ ಸೇರಿಸಿದರು. ನೋಡಿಕೊಂಡೆ. ಚೀಟಿ ಬರೆದು ಅಕ್ಕನ ಕೈಗೆ ಕೊಟ್ಟು, ಸಾಧ್ಯವಾದರೆ ಹೋಗಿ ಬನ್ನಿ, ಮಾತ್ರೆ ತಕೊಂಡರೆ ಒಳ್ಳೆಯದಿತ್ತು ಎಂದೆ. ನಾವು ನಿಮಗೆ ಮದ್ದು ಕೊಡುವವರಲ್ಲ, ನಮ್ಮನ್ನು ನಂಬಿ ಕೂರಬೇಡಿ ಎಂದು ಹೇಳಬೇಕಾಗಿತ್ತು. ಹಾಗೆಂದಿದ್ದರೆ, ಮತ್ತೆ ಇಷ್ಟು ದಿನ ಯಾಕೆ ಬಂದೆ ಎಂದು ಅಕ್ಕ ಕೇಳುತ್ತಿದ್ದರು. ಹೊರಡುವಾಗ ಚೀಲಕ್ಕೆ ನಾಲ್ಕು ಗುಳ್ಳ ಹಾಕಿದರು. ಜನರಿಂದ ಏನೂ ತೆಗೆದುಕೊಳ್ಳಬಾರದು ಎಂದೂ ಒಂದು ನಿಯಮವಿತ್ತು. ನಾನು ಆ ಗುಳ್ಳವನ್ನು ತಂದು ಸಾರು ಮಾಡಿ ಉಂಡೆ.

ಮೂರನೆಯ ಸಲ ನಾವು ಒಂದು ತಿಂಗಳು ತಡ. ಅಳೆಯುವ ಯಂತ್ರಗಳು ಸರಿಯಾಗಿವೆಯೇ ಎಂದು ನೋಡಲು ಎಲ್ಲಿಗೋ ಕಳುಹಿಸಿದ್ದರು. ಯಂತ್ರಕ್ಕೆ ಎಷ್ಟು ಉಪಚಾರ! ಅಕ್ಕನ ಅಂಗಳಕ್ಕೆ ಕಾಲಿಡುವಾಗಲೇ ಏನೋ ಸರಿಯಿಲ್ಲ ಅನಿಸಿತು. ಗುಳ್ಳದ ಗಿಡಗಳು ನೀರಿಲ್ಲದೆ ಬಾಡಿದ್ದವು. ಜಗಲಿಯಲ್ಲಿ ಅಕ್ಕನ ಗಂಡ ಒಬ್ಬರೇ ಕುಳಿತಿದ್ದರು. ಮೊದಲು ದೋಣಿಗೆ ಹೋಗುತ್ತಿದ್ದವರು, ಮಾತು ಕಡಿಮೆ. ಅವಳು ಹೋಗಿ ಹದಿನೆಂಟು ದಿನವಾಯಿತು ಎಂದರು. ಬೆಳಿಗ್ಗೆ ನೀರು ಹೊಯ್ಯುವಾಗ ಸಾಲಿನ ನಡುವೆ ಕುಸಿದು ಬಿದ್ದರಂತೆ. ದೊಡ್ಡ ಆಸ್ಪತ್ರೆಗೆ ಒಯ್ದರು, ತಲೆಯೊಳಗೆ ರಕ್ತನಾಳ ಒಡೆದಿತ್ತು. ಅಲ್ಲಿಯ ಡಾಕ್ಟರರು ಮೂರು ದಿನ ತಮ್ಮಿಂದ ಆದದ್ದೆಲ್ಲ ಮಾಡಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರ ಕೈಗೆ ಅಕ್ಕ ಸಿಕ್ಕಿದ್ದೇ ಕೊನೆಯ ಮೂರು ದಿನ.

ನಾನು ಕೊಟ್ಟ ಚೀಟಿ ಹಿಡಿದು ಅಕ್ಕ ಆರೋಗ್ಯ ಕೇಂದ್ರಕ್ಕೆ ಎರಡು ಸಲ ಹೋಗಿದ್ದರು ಎಂಬುದು ಆಗ ಗೊತ್ತಾಯಿತು. ಒಂದು ಸಲ ಡಾಕ್ಟರು ತರಬೇತಿಗೆ ಹೋಗಿದ್ದರು. ಇನ್ನೊಂದು ಸಲ ಮಾತ್ರೆ ಮುಗಿದಿತ್ತು, ಮುಂದಿನ ವಾರ ಬನ್ನಿ ಎಂದರಂತೆ. ಮುಂದಿನ ವಾರ ಯಾಕೆ, ಇನ್ನೊಂದು ತಿಂಗಳಿಗೆ ನಮ್ಮ ಹುಡುಗಿಯೇ ಬರ್ತಾಳಲ್ಲ ಎಂದು ಅಕ್ಕ ಸುಮ್ಮನಾದರು. ನಮ್ಮ ಹುಡುಗಿ ಎಂದರೆ ನಾನು. ಗಂಡ ಒಳಗೆ ಹೋಗಿ ಒಂದು ಬಿಸ್ಕತ್ತಿನ ಡಬ್ಬಿ ತಂದರು. ರೇಷನ್ ಕಾರ್ಡು, ಮತದಾರರ ಚೀಟಿ, ಅವುಗಳ ಜೊತೆ ಪ್ಲಾಸ್ಟಿಕ್ಕಿನಲ್ಲಿ ಮಡಚಿ ಇಟ್ಟ ನನ್ನ ಚೀಟಿ. ನನ್ನದೇ ಕೈಬರಹ, ದುಂಡಗೆ.

“ನೀವು ನೋಡ್ತಾ ಇದ್ರಿ ಅಲ್ವಾ? ಎಂತ ನೋಡಿದ್ದು ನೀವು?” ಎಂದು ಕೇಳಿದರು. ಬೈದದ್ದಲ್ಲ. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ, ತಿಳಿದುಕೊಳ್ಳಲು ಕೇಳಿದರು. ಅದಕ್ಕೇ ಇವತ್ತಿಗೂ ಅದು ಚುಚ್ಚುತ್ತದೆ.

ಆ ಸಲ ನಮಗೆ ಕಾಗದದ ಬದಲು ಟ್ಯಾಬ್ ಕೊಟ್ಟಿದ್ದರು. ಗೇಟಿನ ಹೊರಗೆ ನಿಂತು, ದಾರಂದದ ಚೀಟಿಯಲ್ಲಿದ್ದ ಅಕ್ಕನ ಅಂಕಿ ಒತ್ತಿದೆ. ಲಭ್ಯ, ಊರು ಬಿಟ್ಟಿದ್ದಾರೆ, ನಿಧನ ಎಂದು ಮೂರು ಆಯ್ಕೆ ಬಂತು. ಮೂರನೆಯದನ್ನು ಒತ್ತಿದೆ. ಪರದೆ ಹಸಿರಾಯಿತು. ‘ಧನ್ಯವಾದ. ಮುಂದಿನ ಮನೆಗೆ ತೆರಳಿ’ ಎಂದಿತು. ನಾನು ಮುಂದಿನ ಮನೆಗೆ ಹೋದೆ. ಹೌದು, ಹೋದೆ. ಅಂದು ಸಂಜೆಯ ತನಕ ಕೆಲಸ ಮಾಡಿದೆ.

ಆ ಕೆಲಸ ಬಿಡುವ ಮೊದಲು ಇನ್ನೂ ಒಂದು ನೋಡಲಿಕ್ಕಿತ್ತು. ಅಧ್ಯಯನ ಮುಗಿದ ಮೇಲೆ ಮಣಿಪಾಲದಲ್ಲಿ ಒಂದು ತಣ್ಣನೆಯ ಸಭಾಂಗಣ ಬಾಡಿಗೆಗೆ ಹಿಡಿದು, ದೂರದಿಂದ ಬಂದ ದೊಡ್ಡವರ ಎದುರು ಆ ಸಂಸ್ಥೆಯವರು ವರದಿ ಓದಿದರು. ನಾವು ಹುಡುಗಿಯರು ಹಿಂದಿನ ಸಾಲು. ಚಿತ್ರದಲ್ಲಿ ಮೇಲೇರುವ ಗೆರೆ, ಗೆರೆಯ ಆಚೆ ಈಚೆ ಚುಕ್ಕಿಗಳು. ಎಲ್ಲಕ್ಕಿಂತ ಮೇಲಿನ ಚುಕ್ಕಿಗಳಲ್ಲಿ ಯಾವುದು ಅಕ್ಕ ಎಂದು ಹುಡುಕುತ್ತಾ ಕುಳಿತಿದ್ದೆ. ಬಹಳ ಜನ ಮಾತ್ರೆ ನಡುವೆಯೇ ನಿಲ್ಲಿಸುತ್ತಾರೆ, ಹಳ್ಳಿಯವರಿಗೆ ಆರೋಗ್ಯದ ಅರಿವು ಸಾಲದು, ಇದರ ಬಗ್ಗೆ ಇನ್ನೊಂದು ಅಧ್ಯಯನ ಆಗಬೇಕು ಎಂದು ಮುಗಿಸಿದರು. ಅರಿವು! ನೀರೂ ಕುಡಿಯದೆ, ಮದುವೆ ಸೀರೆ ಉಟ್ಟು ಕಾದ ಹೆಂಗಸಿಗೆ ಅರಿವಿಲ್ಲ. ಮೂರು ಸಲ ಪಟ್ಟಿ ಸುತ್ತಿ ಎದ್ದು ಬಂದ ನಮಗೆ ಅರಿವು ಉಂಟು! ದೀಪದ ಬುಡದಲ್ಲಿ ಕತ್ತಲು ಎನ್ನುತ್ತಾರೆ. ಇಲ್ಲಿ ಕತ್ತಲು ಎಷ್ಟಿದೆ ಎಂದು ಅಳೆದುಕೊಂಡು ಹೋಗಲು ದೀಪ ಹಿಡಿದವರೇ ಬಂದಿದ್ದರು. ಊಟಕ್ಕೆ ಮಟ್ಟುಗುಳ್ಳದ ಬೋಳುಹುಳಿ ಮಾಡಿಸಿದ್ದರು. ಬಂದವರೆಲ್ಲ ಚಪ್ಪರಿಸಿ ಉಂಡರು. ನಾನು ಎಲೆಯ ಎದುರಿನಿಂದ ಎದ್ದು ಹೊರಗೆ ಬಂದೆ, ಮತ್ತೆ ಆ ಕೆಲಸಕ್ಕೆ ಹೋಗಲಿಲ್ಲ. ಅದನ್ನು ದೊಡ್ಡ ಸಾಹಸವೆಂದು ಹೇಳಿಕೊಳ್ಳುವಂತಿಲ್ಲ. ಎದ್ದು ಬರಬೇಕಾದ ಹೊತ್ತಿಗೆ ಎದ್ದು ಬಂದಿರಲಿಲ್ಲ.

ಭಾನುವಾರ ಹುಡುಗಿ ಬಂದಳು. ಇಪ್ಪತ್ತು ಇಪ್ಪತ್ತೆರಡು, ಪೆರ್ಡೂರಿನ ಕಡೆಯವಳಂತೆ. ಬೆಲ್ಲ, ನೀರು ಕೊಟ್ಟೆ. ಒಪ್ಪಿಗೆ ಪತ್ರವನ್ನು ತುಳುವಿನಲ್ಲಿ ಚೆಂದವಾಗಿ ವಿವರಿಸುತ್ತಾ ಹೋದಳು. ಆ ಜಾಗ ಬಂತು. ಕನ್ನಡಕ್ಕೆ ಹೊರಳಿದಳು, ವೇಗ ಹೆಚ್ಚಾಯಿತು. ಸ್ವಲ್ಪ ನಿಲ್ಲು ಎಂದೆ. ಆ ಸಾಲನ್ನು ತುಳುವಿನಲ್ಲಿ ಹೇಳು ಎಂದೆ. ಅವಳು ಮುಖ ತಗ್ಗಿಸಿದಳು.

“ಹಾಗೆ ಹೇಳಿದ್ರೆ ಯಾರೂ ಸೈನ್ ಹಾಕುದಿಲ್ಲ ಅಕ್ಕ.”

ಅಕ್ಕ ಎಂದಳು ನನ್ನನ್ನು. ಅವಳ ಮೇಲೆ ಸಿಟ್ಟು ಮಾಡುವ ಯೋಗ್ಯತೆ ನನಗೆಲ್ಲಿದೆ? ನಾನೇ ಹೇಳಿ ತೋರಿಸಿದೆ. ‘ಇಂದೆಡ್ದ್ ಈರೆಗ್ ದಾಲಾ ಉಪಕಾರ ಇಜ್ಜಿ.’ ಇದರಿಂದ ನಿಮಗೆ ಏನೂ ಉಪಕಾರವಿಲ್ಲ. ಐದೇ ಶಬ್ದ. ಬೆಲ್ಲದ ಚೂರು ಬಾಯಲ್ಲಿ ಕರಗುವಷ್ಟು ಹೊತ್ತೂ ಬೇಡ. ಆ ಐದು ಶಬ್ದ ಕೇಳಿದ್ದರೆ ಅಕ್ಕ ನನ್ನನ್ನು ಗೇಟಿನ ಹೊರಗೆ ಹಾಕುತ್ತಿದ್ದರೋ ಏನೋ, ಮುಂದಿನ ವಾರದ ಬಸ್ಸು ಮಾತ್ರ ಖಂಡಿತ ಹಿಡಿಯುತ್ತಿದ್ದರು. ಹುಡುಗಿಯಿಂದ ಎರಡು ಸಲ ಹೇಳಿಸಿದೆ. ಹೇಳಿದಳು. ನಾನು ಸಹಿ ಹಾಕಿದೆ, ತೋಳು ಚಾಚಿದೆ.

ಅವಳು ಇಲ್ಲಿಂದ ನೇರ ಪಕ್ಕದ ಮನೆಗೆ ಹೋದಳು. ಅಮ್ಮ ಬಾಗಿಲಲ್ಲೇ ಕಾಯುತ್ತಿದ್ದರು, ಇಸ್ತ್ರಿ ಮಾಡಿದ ಸೀರೆ. ನಾನು ಕಂಪೌಂಡಿನ ಈಚೆ ನಿಂತು ಕಿವಿಗೊಟ್ಟೆ. ತುಳು, ತುಳು, ತುಳು... ಮತ್ತೆ ಆ ಜಾಗ. ಹುಡುಗಿ ಕನ್ನಡದಲ್ಲಿ ಓದಿದಳು, ಸರಸರನೆ. ಅಮ್ಮ ಹೂಂಗುಟ್ಟಿದರು.

ಗುಳ್ಳದಕ್ಕನ ಜಗಲಿಗೆ ಹೋಗಿ ಹೇಳಲು ಇನ್ನು ಅಕ್ಕ ಇಲ್ಲ. ಪಕ್ಕದ ಮನೆ ಹತ್ತು ಹೆಜ್ಜೆ. ಚಪ್ಪಲಿ ಮೆಟ್ಟಿಕೊಂಡು ಹೊರಟೆ.