ನೋವಿಲ್ಲದ ಗಂಟು

ವರವು ಕಾವಲೆಂಬ ಹುಲ್ಲುಗಾವಲಿನ ಅಂಚಿನ ಊರುಗಳಲ್ಲಿ ದನದ ಮೈಮೇಲೆ ಗಂಟು ಕಂಡರೆ ಜನ ಮೊದಲು ಕರೆಯುವುದು ಯತ್ತಪ್ಪನನ್ನು. ಬಂದು ಹೆಬ್ಬೆರಳಿನಿಂದ ಒತ್ತುತ್ತಾನೆ. ದನ ಒದ್ದರೆ ಒಳಗೆ ಕೀವು ಐತೆ ಎಂದು ಲೆಕ್ಕ. ಸುಮ್ಮನೆ ನಿಂತರೆ ಭಯವಿಲ್ಲ, ಕಾದ ಕಬ್ಬಿಣದಿಂದ ಒಂದು ಬರೆ ಎಳೆದರೆ ಸಾಕು. ಅಪ್ಪನಿಂದ ಕಲಿತದ್ದು ಇಷ್ಟೇ. ಇಷ್ಟರಿಂದಲೇ ಮರ್ಯಾದೆಯಾಗಿ ಬದುಕಿದ. ಕಾವಲಿನ ಸುತ್ತ ಬೇಲಿ ಎದ್ದು, ಮೇಯಲು ಜಾಗವಿಲ್ಲದೆ ಮಂದೆ ಕರಗಿ, ಕೂಲಿಗೆ ಹೋಗುವಂತಾದ ಮೇಲೂ ಅವನ ಹೆಸರು ಕೆಡಲಿಲ್ಲ. ಅದು ಅವತ್ತೇ ಕೆಟ್ಟಿದ್ದರೆ ಎಷ್ಟು ಚೆನ್ನಾಗಿತ್ತು!

ಹೋದ ವರ್ಷ ಶೇಂಗಾ ಕೀಳುವ ಹೊತ್ತಿನಲ್ಲಿ ಹೆಂಡತಿ ಬೊಮ್ಮಕ್ಕ ತೊಡೆಯ ಮೇಲೊಂದು ಗಂಟು ತೋರಿಸಿದಳು. ಗೋಲಿಯಷ್ಟಿತ್ತು. ಒತ್ತಿ ನೋಡಿದ. ಗಟ್ಟಿಯಾಗಿತ್ತು, ಅತ್ತಿತ್ತ ಜಾರಲಿಲ್ಲ. ಅವಳು ಮುಖ ಕೂಡ ಕಿವುಚಲಿಲ್ಲ.

"ನೋವೈತಾ?"

"ಏನೂ ಇಲ್ಲ."

"ಹಂಗಾದ್ರೆ ಏನೂ ಅಲ್ಲ ಬಿಡು," ಎಂದವನು ಸಂಜೆ ಬರೆ ಎಳೆದ. ಊರೇ ನಂಬಿರುವಾಗ ಹೆಂಡತಿ ನಂಬದೆ ಏನು ಮಾಡಿಯಾಳು?

ಸುಟ್ಟ ಜಾಗ ಊದಿತು. ಗಾಯ ಮಾದರೂ ಊತ ಇಳಿಯಲಿಲ್ಲ. ಅದು ಬರೆಯ ಊತವೆಂದೇ ಅವನು ಹೇಳುತ್ತ ಹೋದ. ನಿಂಬೆಹಣ್ಣಿನಷ್ಟಾಯಿತು, ಆಮೇಲೆ ಮುಷ್ಟಿಯಷ್ಟಾಯಿತು. ಆಸ್ಪತ್ರೆಗೆ ತೋರಿಸು ಎಂದ ಪಕ್ಕದ ಮನೆಯ ಪಾತಮ್ಮನ ಮೇಲೆ ರೇಗಾಡಿದ. ಹತ್ತೂರಿನ ಗಂಟು ನೋಡುವವನು ತನ್ನ ಹೆಂಡತಿಯ ಗಂಟು ತೋರಿಸಲು ಚಳ್ಳಕೆರೆಗೆ ಹೋಗುವುದೇ? ಕೊನೆಗೆ ಬೊಮ್ಮಕ್ಕನಿಗೆ ಕೆಮ್ಮು ಹತ್ತಿ ಉಸಿರು ಸಾಲದಾದಾಗ ಬಸ್ಸು ಹತ್ತಿದರು.

ಪರೀಕ್ಷೆಗಳೆಲ್ಲ ಮುಗಿದ ದಿನ ಡಾಕ್ಟರಮ್ಮ ಕಾಗದದಿಂದ ತಲೆಯೆತ್ತಿದರು.

"ಈ ಬರೆ ಹಾಕಿದ್ದು ಯಾರು?"

ಯತ್ತಪ್ಪ ಗೋಡೆಯ ಕಡೆ ತಿರುಗಿದ.

"ನಾನೇ ಹಾಕ್ಕಂಡೆ ಕಣಮ್ಮ," ಎಂದಳು ಬೊಮ್ಮಕ್ಕ.

"ಏನಮ್ಮಾ ನೀನು! ನೋವಿಲ್ಲ ಅಂತ ಸುಮ್ನಿರೋದಾ? ಗಂಟು ಗಟ್ಟಿಯಾಗಿ ಒಳಗೆ ಕಚ್ಚಿಕೊಂಡಿದ್ರೆ, ಬೆಳೀತಾ ಹೋದ್ರೆ, ನೋವಿರ್ಲಿ ಬಿಡ್ಲಿ, ಬಂದು ತೋರಿಸ್ಬೇಕು. ಗೋಲಿಯಷ್ಟಿದ್ದಾಗ ಬಂದಿದ್ರೆ ಕತ್ತರಿಸಿ ತೆಗೀಬಹುದಿತ್ತು. ಈಗ ಕ್ಯಾನ್ಸರ್ ಶ್ವಾಸಕೋಶಕ್ಕೆ ಹೋಗಿದೆ. ನೋವಿಗೆ, ಉಸಿರಿಗೆ ಔಷಧಿ ಕೊಡ್ತೀವಿ. ವಾಸಿ ಮಾಡೋಕೆ ಆಗಲ್ಲ."

ಬೈಗುಳವನ್ನೆಲ್ಲ ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಯತ್ತಪ್ಪ ಗೋಡೆ ನೋಡುತ್ತ ನಿಂತಿದ್ದ. ಹೆಂಡತಿಯನ್ನು ಕೊಂದವನು ತಾನೇ ಎಂದು ಅವನಿಗೆ ಗೊತ್ತಾಗಿತ್ತು.

ಬಸ್ಸಿನಲ್ಲಿ ಬೊಮ್ಮಕ್ಕ ಉಸಿರು ಎಳೆದುಕೊಳ್ಳುತ್ತ ಹೇಳಿದಳು: "ಊರಾಗೂ ಹಂಗೇ ಹೇಳ್ತೀನಿ. ನಿಂಗೆ ಹೇಳ್ದೆ ನಾನೇ ಹಾಕ್ಕಂಡೆ ಅಂತ. ನಾನು ಹೋದ್ಮೇಲೆ ದನ ನೋಡಾಕೆ ನಿನ್ನ ಕರೆಯೋದ್ನ ಜನ ನಿಲ್ಲಿಸ್ಬಾರ್ದು."

ಬೇಡ ಕಣೇ ಅನ್ನಬೇಕಿತ್ತು.

ಯತ್ತಪ್ಪ ಹೂಂ ಅಂದ.