ಟೊಳ್ಳು ಹಿಮದ ಮೇಲೆ

ರಾಮನಗರದ ಬಂಡೆಗಳ ಮೇಲೆ ಹಗ್ಗ ಕಟ್ಟಿ ಹತ್ತುವುದನ್ನು ಕಲಿತ ನಾವಿಬ್ಬರು ಒಂದು ಚಳಿಗಾಲ ಹಿಮಾಲಯಕ್ಕೆ ಹೋದೆವು. ನಾನು ಚನ್ನಪಟ್ಟಣದ ಕಡೆಯವನು. ಮನೆಯಲ್ಲಿ ರೇಷ್ಮೆ ಸಾಕುತ್ತಿದ್ದರು. ಗೆಳೆಯ ಕನಕಪುರದ ಕಡೆಯವನು. ಅವರಪ್ಪ ಕ್ವಾರಿಯಲ್ಲಿ ಕಲ್ಲು ಸೀಳುತ್ತಿದ್ದರು. ಇಬ್ಬರೂ ಆಗಷ್ಟೇ ಹೈಸ್ಕೂಲು ಮೇಷ್ಟ್ರುಗಳಾಗಿದ್ದೆವು. ಹಿಮವನ್ನು ಅಲ್ಲಿಯವರೆಗೆ ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದೆವು.

ನಮ್ಮ ಜೊತೆಗಿದ್ದ ಗೈಡು ಕುರಿ ಮೇಯಿಸಿ ಆ ಬೆಟ್ಟಗಳಲ್ಲೇ ಮುದುಕರಾದವರು. ಕಣಿವೆಯ ಮೇಲಿನ ಕುರಿಗಾಹಿಗಳ ಕಲ್ಲುಗುಡಿಸಲು ಸೇರುತ್ತಿದ್ದಂತೆ ಹಿಮ ಬೀಳತೊಡಗಿತು. ಮೂರು ದಿನ ಬಿದ್ದೇ ಬಿತ್ತು. ನಾಲ್ಕನೆಯ ಬೆಳಗ್ಗೆ ಬಾಗಿಲು ತೆರೆದರೆ ಸದ್ದೇ ಇಲ್ಲದ ಲೋಕ. ಬೆಟ್ಟಕ್ಕೂ ಮೋಡಕ್ಕೂ ನಡುವಿನ ಗೆರೆ ಅಳಿಸಿಹೋಗಿತ್ತು. ನಾನು ಎದ್ದಿದ್ದೇನೋ ಇನ್ನೂ ಮಲಗಿದ್ದೇನೋ ಎಂದು ಅನುಮಾನ ಬರುವಂತಿತ್ತು.

ಗೈಡು ಇಳಿಜಾರಿನ ಅಂಚಿನಲ್ಲಿ ಸಲಿಕೆಯಿಂದ ಮೊಣಕಾಲುದ್ದ ಗುಂಡಿ ತೋಡಿ ಒಳಗೋಡೆಯನ್ನು ತೋರಿಸಿದರು. ಕೆಳಗೆ ಗಟ್ಟಿಯಾದ ಹಳೆಯ ಹಿಮ, ಮೇಲೆ ಹೊಸ ಹಿಮ, ನಡುವೆ ರವೆಯಂಥ ಸಡಿಲ ಕಾಳು. ಅವರು ಅಂಗೈಯಿಂದ ಮೆಲ್ಲಗೆ ಎಳೆದದ್ದೇ ಮೇಲಿನ ಪದರ ಹಲಗೆಯಂತೆ ಜಾರಿ ಬಂತು.

‘ಇವತ್ತು ಬೇಡ. ಬಿಸಿಲಿಗೆ ಇದು ಇನ್ನೂ ಭಾರವಾಗುತ್ತದೆ’ ಎಂದು ಹಿಂದಿಯಲ್ಲಿ ಹೇಳಿ, ಚಹಾ ಕಾಯಿಸಲು ಒಳಗೆ ಹೋದರು.

ಗೆಳೆಯ ಕೋಲಿನಿಂದ ಹಿಮವನ್ನು ತಟ್ಟಿ, ತಲೆ ವಾಲಿಸಿ ಕಿವಿಗೊಟ್ಟ. ‘ಲೇ, ಟೊಳ್ಳು ಸದ್ದು ಬತ್ತೈತೆ ಕಣ್ಲಾ. ಹಿಂಗೆ ಬಂದ್ರೆ ನಮ್ಮಪ್ಪ ಆ ಬಂಡೆ ಮ್ಯಾಲೆ ಯಾರ್ನೂ ಕಾಲಿಡಾಕೆ ಬುಡಾಕಿಲ್ಲ.’

ನನಗೆ ಕೇಳುವ ತಾಳ್ಮೆಯಿರಲಿಲ್ಲ. ಒಂದು ಹೆಜ್ಜೆಗುರುತೂ ಇಲ್ಲದ ಆ ಬಿಳುಪು ಕರೆಯುತ್ತಿರುವಂತಿತ್ತು.

‘ಒಸಿ ದೂರ ಹೋಗಿ ಬತ್ತೀನಿ.’

‘ಬ್ಯಾಡ ಕಣ್ಲಾ.’

ನಾನು ಹೋದೆ. ಇಪ್ಪತ್ತು ಹೆಜ್ಜೆ ಇಟ್ಟಿರಬಹುದು. ಕಾಲಡಿಯಲ್ಲಿ ಗುಮ್ ಎಂದಿತು. ತಲೆಯ ಮೇಲ್ಗಡೆ, ಇಳಿಜಾರಿನ ಉದ್ದಕ್ಕೂ ನೂಲಿನಷ್ಟು ಸಣ್ಣ ಬಿರುಕೊಂದು ಓಡಿತು. ಮರುಗಳಿಗೆ ಬೆಟ್ಟವೇ ಹೊರಟುಬಿಟ್ಟಿತು, ನನ್ನನ್ನೂ ಕರೆದುಕೊಂಡು.

ಎಲ್ಲವೂ ನಿಂತಾಗ ಹಿಮ ಗಾರೆಯಂತೆ ಬಿಗಿದಿತ್ತು. ಬೆರಳೂ ಅಲ್ಲಾಡುತ್ತಿರಲಿಲ್ಲ. ಮುಖದ ಮುಂದೆ ಅಡ್ಡ ಬಂದಿದ್ದ ಒಂದು ಕೈಯಿಂದಾಗಿ ಉಸಿರಿಗೆ ಅಷ್ಟಿಷ್ಟು ಜಾಗ ಉಳಿದಿತ್ತು. ಕತ್ತಲೆಯಲ್ಲ, ನೀಲಿ ಬೆರೆಸಿದ ಹಾಲಿನಂಥ ಬೆಳಕು. ಕೂಗಬೇಕೆನಿಸಿತು, ಬಾಯಿ ತುಂಬ ಹಿಮ. ಆಮೇಲೆ ಭಯವೂ ಎಲ್ಲೋ ದೂರ ಹೋಯಿತು. ಹುಳುಗಳು ಹಿಪ್ಪುನೇರಳೆ ಸೊಪ್ಪು ತಿನ್ನುವ ಸದ್ದು, ಆ ಜಿಟಿಜಿಟಿ ಮಳೆಯಂಥ ಸದ್ದು, ಕಿವಿಯ ಹತ್ತಿರವೇ ಕೇಳಿಸಿತು. ಹುಳುಮನೆಯ ತಟ್ಟೆಗಳ ಕೆಳಗೆ ಮಲಗಿದ್ದೇನೆ, ಅವ್ವ ಮೇಲೆ ಸೊಪ್ಪು ಹರಡುತ್ತಿದ್ದಾಳೆ, ಇನ್ನೊಂದಿಷ್ಟು ಹೊತ್ತು ಮಲಗಬಹುದು ಎನಿಸಿತು. ಕೇಳಿದ್ದು ನನ್ನ ರಕ್ತದ ಸದ್ದೇ ಇರಬೇಕು.

ಭುಜಕ್ಕೆ ಕೋಲು ತಿವಿಯಿತು. ಆಮೇಲೆ ಸಲಿಕೆಯ ಸದ್ದು, ಕಣ್ಣು ಕುಕ್ಕುವ ಬಿಸಿಲು, ಗೆಳೆಯನ ಮುಖ.

‘ಮಾತಾಡ್ಬ್ಯಾಡ. ಉಸ್ರು ತಗ’ ಎಂದ ಅವನು. ಅವನ ಬೆರಳ ತುದಿಗಳಲ್ಲಿ ರಕ್ತವಿತ್ತು. ನಾನು ಅವನಿಗೆ ಕೊನೆಯದಾಗಿ ಕಂಡ ಜಾಗದಿಂದ ಅವನು ಕಣ್ಣು ಕೀಳಲಿಲ್ಲವಂತೆ. ಅದರ ನೇರ ಕೆಳಗೆ ಅವನೂ ಗೈಡೂ ಕೋಲು ಚುಚ್ಚುತ್ತ ಹುಡುಕಿದ್ದರು. ಗೈಡು ಬೈಯಲಿಲ್ಲ. ನನ್ನ ಕಿವಿಯೊಳಗಿನ ಹಿಮವನ್ನು ಕಿರುಬೆರಳಿನಿಂದ ತೆಗೆದರು, ಅಷ್ಟೇ.

ಎರಡು ದಿನ ಕಾದು, ಕಾಡಿನ ದಿಣ್ಣೆಯ ಮೇಲಿಂದ ಸುತ್ತಿ ಇಳಿದೆವು. ಗೆಳೆಯ ನನ್ನ ಕಡೆ ತಿರುಗಿಯೂ ನೋಡದೆ ನಡೆಯುತ್ತಿದ್ದ. ಊರೊಂದರ ಹೊಗೆ ಕಂಡಮೇಲೆ ನಿಂತು ಕೇಳಿದ: ‘ನಿಮ್ಮವ್ವಂಗೆ ನಾನು ಏನಂತ ಹೇಳ್ಬೇಕಾಗಿತ್ಲಾ?’

‘ತಪ್ಪಾಯ್ತು’ ಎಂದೆ. ಅವನು ನನ್ನ ಚೀಲವನ್ನೂ ತಾನೇ ಹೊತ್ತು ಮುಂದೆ ನಡೆದ.

ಅವ್ವನಿಗೆ ಹೇಳಲು ನನಗೆ ಒಂದು ವರ್ಷ ಬೇಕಾಯಿತು. ಅವಳು ಎಲ್ಲವನ್ನೂ ಕೇಳಿಸಿಕೊಂಡು ಬಹಳ ಹೊತ್ತು ನನ್ನ ಕೈಯನ್ನೇ ಹಿಡಿದುಕೊಂಡಿದ್ದಳು.

‘ಆ ಹಿಮ ಕರಗಿ ಎಲ್ಲಿಗೆ ಹೋಯ್ತದಪ್ಪ?’

‘ಹೊಳೆಗೆ, ಅವ್ವ.’

‘ಅಂಗಾರೆ ಅದು ಈಗ ಅಲ್ಲಿಲ್ಲ ಬುಡು’ ಎಂದು ಎದ್ದು ಒಳಗೆ ಹೋದಳು.